ಕ್ರೈಸ್ತ ಧರ್ಮವನ್ನು ಒಂದು ವಿಷಯವಾಗಿ ಓದಬೇಕೆ? ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು

"ನಾನು ಕ್ರೈಸ್ತ ಅಲ್ಲ, ಓದಬಹುದಾ?" "ಇದಕ್ಕೆ ಎಂ.ಎ. ಇದೆಯಾ?" "ಓದಿದ ಮೇಲೆ ಕೆಲಸ?" ಈ ಮೂರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಉತ್ತರ: ಖಂಡಿತ ಓದಬಹುದು. ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡಿದವರಲ್ಲಿ ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ, ಬೇರೆ ಧರ್ಮದವರೂ ಇದ್ದಾರೆ. ಉಳಿದ ಎರಡಕ್ಕೆ ಸ್ವಲ್ಪ ವಿವರ ಬೇಕು.

ಶುರು ಮಾಡಲು ಬೇಕಾದ ಸಾಮಾನು ಕಡಿಮೆ. ಒಂದು ಕನ್ನಡ ಬೈಬಲ್, ಸಾಧ್ಯವಾದರೆ ಎರಡು ಬೇರೆ ಅನುವಾದಗಳು. ಒಂದು ದಪ್ಪ ನೋಟ್‌ಬುಕ್. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಅಭ್ಯಾಸ. ಮಾತಾಡಲು ಬರಬೇಕಿಲ್ಲ, ಓದಲು ಬಂದರೆ ಸಾಕು. ಬೈಬಲ್ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕಗಳಿರುತ್ತವೆ, ಕ್ಯಾಥೊಲಿಕರದ್ದರಲ್ಲಿ 73. ಎರಡನೆಯದನ್ನು ಕೊಂಡರೆ ಎರಡೂ ಕಡೆಯ ಪಠ್ಯ ಕೈಗೆ ಸಿಗುತ್ತದೆ.

ಹಂತ 1: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎಂದು ತೀರ್ಮಾನಿಸಿ

ಇಲ್ಲಿ ಎರಡು ದಾರಿಗಳಿವೆ. ಒಂದು ದೇವಶಾಸ್ತ್ರ, ಅಂದರೆ ಥಿಯಾಲಜಿ. ನಂಬಿಕೆಯ ಒಳಗೆ ನಿಂತು, ಆ ನಂಬಿಕೆಯನ್ನು ತರ್ಕದಿಂದ ಅರ್ಥ ಮಾಡಿಕೊಳ್ಳುವ ಓದು ಅದು. ಪಾದ್ರಿಗಳು, ಸಭಾಪಾಲಕರು ಆಗುವವರು ಹೆಚ್ಚಾಗಿ ಇದನ್ನು ಓದುತ್ತಾರೆ. ಇನ್ನೊಂದು ಧರ್ಮಗಳ ಅಧ್ಯಯನ. ಇದು ಇತಿಹಾಸ, ಸಮಾಜಶಾಸ್ತ್ರ, ಭಾಷೆ ಇವುಗಳ ಸಾಧನ ಹಿಡಿದು ಒಂದು ಧರ್ಮವನ್ನು ನೋಡುತ್ತದೆ.

ಒಂದು ಉದಾಹರಣೆ. "ಯೇಸು ಸತ್ತು ಮೂರನೇ ದಿನ ಎದ್ದರು" ಎಂಬ ಮಾತನ್ನು ತೆಗೆದುಕೊಳ್ಳಿ. ದೇವಶಾಸ್ತ್ರದ ವಿದ್ಯಾರ್ಥಿ "ಸಭೆಯ, ಅಂದರೆ ಚರ್ಚಿನ ಭಕ್ತಸಮುದಾಯದ, ಬದುಕಿಗೆ ಇದರ ಅರ್ಥವೇನು?" ಎಂದು ಕೇಳುತ್ತಾನೆ. ಧರ್ಮ ಅಧ್ಯಯನದ ವಿದ್ಯಾರ್ಥಿ "ಈ ಮಾತು ಬರಹದಲ್ಲಿ ಮೊದಲು ಎಲ್ಲಿ ಸಿಗುತ್ತದೆ? ಯಾರು, ಯಾರಿಗೆ, ಯಾಕೆ ಬರೆದರು?" ಎಂದು ಕೇಳುತ್ತಾನೆ. ಅದು ಸಿಗುವುದು ಆರಂಭಕಾಲದ ಧರ್ಮಪ್ರಚಾರಕ ಪೌಲನು ಕೊರಿಂಥ ಎಂಬ ಊರಿನ ಸಭೆಯವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ, ಸುಮಾರು ಕ್ರಿ.ಶ. 55ರ ಹೊತ್ತಿಗೆ. ಸುವಾರ್ತೆಗಳು, ಅಂದರೆ ಯೇಸುವಿನ ಬದುಕಿನ ಕಥೆ ಹೇಳುವ ನಾಲ್ಕು ಪುಸ್ತಕಗಳು, ಬರೆಯಲ್ಪಟ್ಟದ್ದು ಅದಾದ ಮೇಲೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಎರಡೂ ಗೌರವದ ಓದುಗಳೇ. ಒಬ್ಬರೇ ಎರಡನ್ನೂ ಮಾಡಬಹುದು. ಆದರೆ ಒಂದು ಪ್ರಶ್ನೆ ಹಿಡಿದು ಇನ್ನೊಂದು ತರಗತಿಯಲ್ಲಿ ಕೂತರೆ ವರ್ಷ ಹಾಳಾಗುತ್ತದೆ. ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಕಾಲೇಜು ಹುಡುಕಿ, ಆದರೆ ಡಿಗ್ರಿಯ ಹಿಂದೆ ಯಾರಿದ್ದಾರೆ ನೋಡಿ

ಅತಿ ಹೆಚ್ಚು ಜನ ಮುಗ್ಗರಿಸುವುದು ಈ ಹಂತದಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ಇದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಒಂದು ಅಧ್ಯಯನ ಪೀಠವಿದೆ. ಪೀಠ ಎಂದರೆ ಮುಖ್ಯವಾಗಿ ಉಪನ್ಯಾಸ, ವಿಚಾರಗೋಷ್ಠಿ, ಸಂಶೋಧನೆ. ಅಲ್ಲಿ ಎಂ.ಎ. ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಧರ್ಮಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು ಎನ್ನುವವರಿಗೆ ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ವಿಭಾಗ ಹಳೆಯದು, ಹೆಸರುವಾಸಿ. ಇಂಥ ಚಿಕ್ಕ ವಿಭಾಗಗಳಲ್ಲಿ ಎಲ್ಲ ವರ್ಷವೂ ಪ್ರವೇಶ ಇರುತ್ತದೆ ಎಂಬ ಭರವಸೆ ಇಲ್ಲ. ಅರ್ಜಿ ಹಾಕುವ ಮೊದಲು ಕಚೇರಿಗೆ ಫೋನ್ ಮಾಡಿ, ಈ ವರ್ಷ ಸೀಟು ಇದೆಯಾ, ಎಷ್ಟು ಜನ ಅಧ್ಯಾಪಕರಿದ್ದಾರೆ ಎಂದು ನೇರವಾಗಿ ಕೇಳಿ.

ದೇವಶಾಸ್ತ್ರದ ಕಡೆ ಬೆಂಗಳೂರು ದೊಡ್ಡ ಕೇಂದ್ರ. ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರಿಂದ ಇದೆ. ಕ್ಯಾಥೊಲಿಕರಿಗೆ ಧರ್ಮಾರಾಮ್ ವಿದ್ಯಾಕ್ಷೇತ್ರ ಮತ್ತು ಮಲ್ಲೇಶ್ವರದ ಸೇಂಟ್ ಪೀಟರ್ಸ್ ಇವೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಇದೆ.

ಈಗ ಡಿಗ್ರಿಯ ಮಾತು. ಮೂರು ಬಗೆಯವು ನಿಮಗೆ ಸಿಗುತ್ತವೆ.

ಮೊದಲನೆಯದು, ಸೆರಾಂಪುರ ಕಾಲೇಜಿನ ಸೆನೆಟ್, ಅಂದರೆ ಅದರ ಡಿಗ್ರಿ ಕೊಡುವ ಮಂಡಳಿ, ಕೊಡುವ ಡಿಗ್ರಿ. ಬಂಗಾಳದ ಸೆರಾಂಪುರ ಕಾಲೇಜನ್ನು 1818ರಲ್ಲಿ ವಿಲಿಯಂ ಕೇರಿ ಮತ್ತು ಜೊತೆಗಾರರು ಕಟ್ಟಿದರು. ಆಗ ಆ ಊರು ಡೆನ್ಮಾರ್ಕಿನ ವಶದಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜನೇ ಡಿಗ್ರಿ ಕೊಡುವ ಅಧಿಕಾರಪತ್ರ ಕೊಟ್ಟ. ಮುಂದೆ 1918ರಲ್ಲಿ ಬಂಗಾಳದ ಶಾಸನಸಭೆ ಇದಕ್ಕೊಂದು ಕಾಯ್ದೆ ಮಾಡಿತು. ದೇಶದ ಹಲವು ಕಾಲೇಜುಗಳು ಇದೇ ಸೆನೆಟ್‌ಗೆ ಸೇರಿವೆ. ಎರಡನೆಯದು, ರೋಮಿನ ಮಾನ್ಯತೆ ಇರುವ ಕ್ಯಾಥೊಲಿಕ್ ಡಿಗ್ರಿ. ಇದನ್ನು ಪೊಂಟಿಫಿಕಲ್ ಎನ್ನುತ್ತಾರೆ. ಮೂರನೆಯದು, ಖಾಸಗಿ ಬೈಬಲ್ ಕಾಲೇಜುಗಳ ಡಿಗ್ರಿ. ಇವುಗಳಲ್ಲಿ ಕೆಲವಕ್ಕೆ ಚರ್ಚುಗಳದ್ದೇ ಆದ ಮಾನ್ಯತಾ ಸಂಸ್ಥೆಗಳ ಮುದ್ರೆ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ.

ಎಚ್ಚರಿಕೆ: ಚರ್ಚಿನೊಳಗೆ ನಡೆಯುವ ಡಿಗ್ರಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಕಾಲೇಜಿನವರು "ಎಲ್ಲ ಕಡೆ ನಡೆಯುತ್ತೆ" ಎಂದರೆ ಅಷ್ಟಕ್ಕೇ ನಂಬಬೇಡಿ. ನೀವು ಮುಂದೆ ಹೋಗಬೇಕೆಂದಿರುವ ವಿಶ್ವವಿದ್ಯಾಲಯಕ್ಕೇ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ. ಇನ್ನೊಂದು ಮಾತು, ಹೆಚ್ಚಿನ ದೇವಶಾಸ್ತ್ರ ಕಾಲೇಜುಗಳು ಪ್ರವೇಶಕ್ಕೆ ನಿಮ್ಮ ಚರ್ಚಿನ ಶಿಫಾರಸು ಪತ್ರ ಕೇಳುತ್ತವೆ. ಕ್ರೈಸ್ತರಲ್ಲದವರಿಗೆ ಆ ಬಾಗಿಲು ಕಷ್ಟ. ಆದರೆ ಅವುಗಳ ಗ್ರಂಥಾಲಯದಲ್ಲಿ ಕೂತು ಓದಲು ಹೊರಗಿನವರಿಗೂ ಸಾಮಾನ್ಯವಾಗಿ ಅವಕಾಶ ಸಿಗುತ್ತದೆ. ಒಂದು ಪರಿಚಯ ಪತ್ರ ಕೈಯಲ್ಲಿದ್ದರೆ ಸಾಕು.

ಕೆಲಸದ ಪ್ರಶ್ನೆಗೆ ಬರೋಣ. ಈ ವಿಷಯದಲ್ಲಿ ಅಧ್ಯಾಪಕ ಹುದ್ದೆಗಳು ತೀರಾ ಕಡಿಮೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವಿದೆ, ನಿಜ. ಅದನ್ನು ಪಾಸಾದರೂ ಹುದ್ದೆ ಹುಡುಕುವುದು ಸುಲಭವಲ್ಲ. ಮನೆಯ ಜವಾಬ್ದಾರಿ ಇರುವವರಿಗೆ ನನ್ನ ಸಲಹೆ ಇಷ್ಟೇ: ಎಂ.ಎ.ಯನ್ನು ಇತಿಹಾಸ, ಕನ್ನಡ ಅಥವಾ ಸಮಾಜಶಾಸ್ತ್ರದಲ್ಲಿ ಮಾಡಿ. ಪಿಎಚ್.ಡಿ.ಯಲ್ಲಿ ಕ್ರೈಸ್ತ ಧರ್ಮಕ್ಕೆ ಸಂಬಂಧಿಸಿದ ವಸ್ತು ಎತ್ತಿಕೊಳ್ಳಿ. ಓದು ಅದೇ ಆಗಿರುತ್ತದೆ, ಕೆಲಸದ ಬಾಗಿಲು ಮಾತ್ರ ಜಾಸ್ತಿ.

ಹಂತ 3: ಬೈಬಲ್ ಬಗ್ಗೆ ಓದುವ ಮೊದಲು ಬೈಬಲ್ ಓದಿ

ಹೇಳೋಕೆ ಸುಲಭ, ಮಾಡುವವರು ಕಡಿಮೆ. ನೂರು ವಿಡಿಯೊ ನೋಡಿರುತ್ತಾರೆ, ಮಾರ್ಕನ ಸುವಾರ್ತೆಯನ್ನು ಒಮ್ಮೆಯೂ ಪೂರ್ತಿ ಓದಿರುವುದಿಲ್ಲ. ಅದರಲ್ಲಿ ಇರುವುದು 16 ಅಧ್ಯಾಯ. ಒಂದು ಭಾನುವಾರ ಮಧ್ಯಾಹ್ನ ಸಾಕು.

"ಮತ್ತಾಯ 2:1" ಎಂದು ಬರೆದಿದ್ದರೆ ಮತ್ತಾಯನ ಪುಸ್ತಕ, 2ನೇ ಅಧ್ಯಾಯ, 1ನೇ ವಚನ ಎಂದರ್ಥ. ಆದಿಕಾಂಡದಿಂದ ಶುರು ಮಾಡಿ ಸಾಲಾಗಿ ಓದುತ್ತೇನೆ ಎಂದು ಹೊರಟವರು ಯಾಜಕಕಾಂಡದ ಬಲಿನಿಯಮಗಳ ನಡುವೆ ಸುಸ್ತಾಗಿ ನಿಲ್ಲುತ್ತಾರೆ. ಹಾಗಾಗಿ ಈ ಕ್ರಮ ಹಿಡಿಯಿರಿ: ಮೊದಲು ಮಾರ್ಕ, ಆಮೇಲೆ ಮತ್ತಾಯ, ಲೂಕ, ನಂತರ ಅಪೊಸ್ತಲರ ಕೃತ್ಯಗಳು, ಪೌಲನ ಕೊರಿಂಥ ಮತ್ತು ಗಲಾತ್ಯದ ಪತ್ರಗಳು, ಕೊನೆಗೆ ಯೋಹಾನ. ಹಳೆಯ ಒಡಂಬಡಿಕೆಯಿಂದ, ಅಂದರೆ ಬೈಬಲ್‌ನಲ್ಲಿ ಯೇಸುವಿಗಿಂತ ಹಿಂದಿನ ಭಾಗದಿಂದ, ಆದಿಕಾಂಡ, ವಿಮೋಚನಕಾಂಡದ ಮೊದಲ ಅರ್ಧ, ಯೆಶಾಯ ಮತ್ತು ಕೀರ್ತನೆಗಳು ಮೊದಲ ಸುತ್ತಿಗೆ ಸಾಕು.

ಓದುವಾಗ ಒಂದು ಅಭ್ಯಾಸ ಮಾಡಿ. ನೋಟ್‌ಬುಕ್‌ನ ಪುಟವನ್ನು ಎರಡು ಭಾಗ ಮಾಡಿ. ಎಡಗಡೆ ಮತ್ತಾಯ 1 ಮತ್ತು 2, ಬಲಗಡೆ ಲೂಕ 1 ಮತ್ತು 2. ಎರಡೂ ಯೇಸುವಿನ ಹುಟ್ಟಿನ ಕಥೆ. ಎಡಗಡೆ ಏನೇನಿದೆ? ಮೂಡಣ ದೇಶದ ಜೋಯಿಸರು, ನಕ್ಷತ್ರ, ಹೆರೋದ ರಾಜ, ಈಜಿಪ್ಟಿಗೆ ಓಡಿಹೋಗುವುದು. ಬಲಗಡೆ? ಜನಗಣತಿ, ಛತ್ರದಲ್ಲಿ ಜಾಗ ಸಿಗದಿರುವುದು, ಗೋದಲಿ, ಕುರುಬರು. ಮತ್ತಾಯನಲ್ಲಿ ಕುರುಬರಿಲ್ಲ, ಲೂಕನಲ್ಲಿ ಜೋಯಿಸರಿಲ್ಲ. ಕ್ರಿಸ್‌ಮಸ್ ಗೋದಲಿಯಲ್ಲಿ ನಾವು ನೋಡುವುದು ಎರಡನ್ನೂ ಸೇರಿಸಿದ ದೃಶ್ಯ. ಜೋಯಿಸರು ಮೂರು ಜನ ಎಂದು ಮತ್ತಾಯ ಎಲ್ಲೂ ಹೇಳುವುದಿಲ್ಲ. ಕಾಣಿಕೆ ಮೂರು, ಅದರಿಂದ ಜನರೂ ಮೂವರಾದರು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ಇತಿಹಾಸಕಾರರ ಲೆಕ್ಕ. ಲೂಕ ಹೇಳುವ, ರೋಮನ್ ಅಧಿಕಾರಿ ಕುರೇನ್ಯನ ಕಾಲದ ಜನಗಣತಿ ಬೇರೆ ಮೂಲಗಳ ಪ್ರಕಾರ ನಡೆದದ್ದು ಕ್ರಿ.ಶ. 6ರಲ್ಲಿ. ಎರಡರ ನಡುವೆ ಸುಮಾರು 10 ವರ್ಷದ ಅಂತರ. ಇದನ್ನು ಹೇಗೆ ವಿವರಿಸಬೇಕು ಎಂಬುದರ ಮೇಲೆ ನೂರಾರು ವರ್ಷಗಳಿಂದ ಚರ್ಚೆ ನಡೆದಿದೆ. "ಹಾಗಾದರೆ ಇದೆಲ್ಲ ಸುಳ್ಳು" ಎಂದು ಪುಸ್ತಕ ಮುಚ್ಚುವುದೂ ತಪ್ಪು, "ತೊಂದರೆಯೇ ಇಲ್ಲ" ಎಂದು ದಾಟಿಹೋಗುವುದೂ ತಪ್ಪು. ಮತ್ತಾಯ ಯಾರಿಗಾಗಿ ಬರೆದ, ಲೂಕ ಯಾರಿಗಾಗಿ ಬರೆದ, ಇಬ್ಬರೂ ಬೆತ್ಲೆಹೇಮನ್ನು ಯಾಕೆ ಬಿಡಲಿಲ್ಲ? ಇಂಥ ಪ್ರಶ್ನೆಗಳಿಂದಲೇ ಓದು ಶುರುವಾಗುತ್ತದೆ.

ಇದು ರುಚಿಸಿದರೆ ಯೇಸು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಪ್ರಸಂಗವನ್ನೂ ಹೀಗೇ ಹೋಲಿಸಿ: ಮಾರ್ಕ 1:9ರಿಂದ 11, ಮತ್ತಾಯ 3:13ರಿಂದ 17, ಲೂಕ 3:21 ಮತ್ತು 22. ಆಕಾಶದಿಂದ ಬಂದ ಧ್ವನಿ ಯಾರಿಗೆ ಮಾತಾಡುತ್ತದೆ, ಸ್ನಾನ ಮಾಡಿಸುವ ಯೋಹಾನ (ಸುವಾರ್ತೆಯ ಯೋಹಾನ ಅಲ್ಲ) ಎಲ್ಲಿ ಹಿಂಜರಿಯುತ್ತಾನೆ ಎಂದು ಗುರುತು ಹಾಕಿ. ಮೂರು ಸುವಾರ್ತೆಗಳ ಈ ಹೋಲಿಕೆ ಮತ್ತು ವ್ಯತ್ಯಾಸ ಹೇಗೆ ಬಂತು ಎಂಬುದಕ್ಕೆ ವಿದ್ವಾಂಸರು ಇಟ್ಟ ಹೆಸರು 'ಸಿನಾಪ್ಟಿಕ್ ಸಮಸ್ಯೆ'. ಹೆಸರು ಕೇಳಿ ಹೆದರಬೇಡಿ, ನೀವು ಈಗ ಮಾಡಿದ್ದು ಅದನ್ನೇ.

ಮನೆಯಲ್ಲಿ ಕೂತೇ ಪಾಠ ಕೇಳಬೇಕು ಎನ್ನುವವರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಹಳೆಯ ಮತ್ತು ಹೊಸ ಒಡಂಬಡಿಕೆಗಳ ಪೂರ್ತಿ ತರಗತಿಗಳನ್ನು ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಸ್ಪಷ್ಟವಾಗಿದೆ, ಲಿಖಿತ ಪ್ರತಿಯೂ ಸಿಗುತ್ತದೆ.

ಹಂತ 4: ಕಾಲದ ಗೆರೆ ಎಳೆದುಕೊಳ್ಳಿ

ಒಂದು ಉದ್ದನೆಯ ಹಾಳೆ ತೆಗೆದುಕೊಂಡು ಈ ಇಸವಿಗಳನ್ನು ಬರೆಯಿರಿ. 325 ನೈಸಿಯಾ ಮಹಾಸಭೆ. 451 ಕಾಲ್ಸೆಡನ್ ಮಹಾಸಭೆ. 1054 ಪೂರ್ವ ಮತ್ತು ಪಶ್ಚಿಮದ ಚರ್ಚುಗಳ ಒಡಕು. 1517 ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿಯಾದ ಲೂಥರನ ಪ್ರತಿಭಟನೆ. 1962ರಿಂದ 65 ಎರಡನೇ ವ್ಯಾಟಿಕನ್ ಮಹಾಸಭೆ. ಮಹಾಸಭೆ ಎಂದರೆ ಬಿಷಪ್‌ಗಳೆಲ್ಲ ಸೇರಿ ನಂಬಿಕೆಯ ವಿಷಯ ತೀರ್ಮಾನಿಸುವ ಕೂಟ.

ಅದರ ಕೆಳಗೆ ನಮ್ಮ ಕಡೆಯದ್ದು. 849ರ ಕೊಲ್ಲಂ ತಾಮ್ರಶಾಸನ, ಕೇರಳದ ಕ್ರೈಸ್ತರ ಬಗ್ಗೆ ಸಿಗುವ ಹಳೆಯ ಗಟ್ಟಿ ದಾಖಲೆ. 1810 ಲಂಡನ್ ಮಿಶನ್ ಬಳ್ಳಾರಿಗೆ. 1834 ಬಾಸೆಲ್ ಮಿಶನ್ ಮಂಗಳೂರಿಗೆ. 1843 'ಮಂಗಳೂರ ಸಮಾಚಾರ' ಪತ್ರಿಕೆ. 1894 ಕಿಟೆಲ್ ನಿಘಂಟು. 1947 ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ನಿಮ್ಮ ಊರಿನ ಚರ್ಚುಗಳು ಈ ಗೆರೆಯ ಯಾವ ಬಿಂದುವಿನಿಂದ ಹೊರಟವು ಎಂದು ಗುರುತಿಸಿ. ಬೆಳ್ತಂಗಡಿ ಕಡೆಯ, ಕೇರಳ ಮೂಲದ ಸಿರೋ ಮಲಬಾರ್ ಚರ್ಚಿನ ದಾರಿ ಬೇರೆ, ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ದಾರಿ ಬೇರೆ, ಧಾರವಾಡದ ಸಿಎಸ್‌ಐ ಸಭೆಯ ದಾರಿ ಬೇರೆ. ಎಲ್ಲರನ್ನೂ "ಕ್ರಿಶ್ಚಿಯನ್ನರು" ಎಂದು ಒಂದೇ ಮೂಟೆ ಕಟ್ಟಿ ಬರೆದ ಪ್ರಬಂಧ ಮೊದಲ ಪುಟದಲ್ಲೇ ಸೋಲುತ್ತದೆ.

ಇಲ್ಲಿ ಕಾಲು ಜಾರಿಸುವ ಮೂರು ಮಾತುಗಳಿವೆ.

ಒಂದು, "ನೈಸಿಯಾದಲ್ಲಿ ಬೈಬಲ್ ಪುಸ್ತಕಗಳನ್ನು ಆರಿಸಿದರು." ಇದಕ್ಕೆ ಆಧಾರವಿಲ್ಲ. ಅಲ್ಲಿನ ದೊಡ್ಡ ಜಗಳ ಆರಿಯಸ್ ಎಂಬ ಪಾದ್ರಿಯ ವಾದದ ಮೇಲೆ, ಕ್ರಿಸ್ತನಿಗೂ ತಂದೆಯಾದ ದೇವರಿಗೂ ಇರುವ ಸಂಬಂಧದ ಮೇಲೆ. ಈಗಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಹಾಗೆಯೇ ಸಿಗುವುದು 367ರಲ್ಲಿ ಬಿಷಪ್ ಅಥನೇಷಿಯಸ್ ಬರೆದ ಈಸ್ಟರ್ ಪತ್ರದಲ್ಲಿ.

ಎರಡು, "ಯೇಸು ಭಾರತಕ್ಕೆ ಬಂದು ಕಲಿತರು." ನೋಟೊವಿಚ್ ಎಂಬಾತ 1894ರಲ್ಲಿ, ಲಡಾಖಿನ ಹೇಮಿಸ್ ಮಠದಲ್ಲಿ ಇದರ ಗ್ರಂಥ ಕಂಡೆ ಎಂದು ಬರೆದ. ಆಗಲೇ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅದನ್ನು ಪ್ರಶ್ನಿಸಿದರು. ಮರುವರ್ಷ ಒಬ್ಬರು ಮಠಕ್ಕೇ ಹೋಗಿ ವಿಚಾರಿಸಿದಾಗ ಅಲ್ಲಿನ ಹಿರಿಯ ಲಾಮಾ ಅಂಥ ಗ್ರಂಥವೇ ಇಲ್ಲ ಎಂದರು. ವಾಟ್ಸಾಪ್‌ನಲ್ಲಿ ಮಾತ್ರ ಇನ್ನೂ ಓಡಾಡುತ್ತಿದೆ.

ಮೂರು, ಯೇಸುವಿನ ಶಿಷ್ಯ ಸಂತ ತೋಮಾ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದರು ಎಂಬುದು. ಇದು ಗಟ್ಟಿಯಾಗಿ ಉಳಿದುಬಂದ ಪರಂಪರೆ. ಪ್ರಬಂಧದಲ್ಲಿ "ಪರಂಪರೆಯ ಪ್ರಕಾರ" ಎಂದು ಸೇರಿಸಿ ಬರೆಯಿರಿ. ಅಲ್ಲಗಳೆಯುವ ಉತ್ಸಾಹವೂ ಬೇಡ, ಶಾಸನದಂತೆ ಸಾಬೀತಾದ ಸಂಗತಿ ಎನ್ನುವುದೂ ಬೇಡ.

ಹಂತ 5: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಕರ್ನಾಟಕದಲ್ಲಿ ಕ್ರೈಸ್ತ ಧರ್ಮ" ಒಂದು ಜನ್ಮಕ್ಕೆ ಮುಗಿಯುವ ವಸ್ತುವಲ್ಲ. ಒಂದು ಊರು, ಒಂದು ಕಾಲ, ಒಂದು ಬಗೆಯ ದಾಖಲೆ ಹಿಡಿಯಿರಿ.

ಉದಾಹರಣೆಗೆ, ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಹಾಕಿದ್ದು ಯಾಕೆ? ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಅದನ್ನು ಶುರು ಮಾಡಿದ್ದು 1865ರಲ್ಲಿ. ಧರ್ಮ ಬದಲಿಸಿದವರು ಮನೆ, ಜಾತಿಯ ಕಸುಬು, ಜಮೀನು ಎಲ್ಲದರಿಂದ ಹೊರಬೀಳುತ್ತಿದ್ದರು. ಅವರಿಗೆ ಅನ್ನದ ದಾರಿ ಬೇಕಿತ್ತು. ಅಲ್ಲಿಂದ ಮುಂದೆ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ: ಕಾರ್ಖಾನೆಯ ಮಾಲೀಕರೂ ಸಭೆಯ ಹಿರಿಯರೂ ಒಂದೇ ಮಿಶನ್ ಆದಾಗ ಕೂಲಿಯಾಳಿನ ಸ್ವಾತಂತ್ರ್ಯ ಏನಾಯಿತು? ಇದು ಎಂ.ಎ. ಪ್ರಬಂಧಕ್ಕೆ ಸರಿಯಾದ ಗಾತ್ರ. ಚರಿತ್ರೆಗಿಂತ ವಿಚಾರ ಇಷ್ಟವೆಂದರೆ, 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಬೆಳೆದ ದಲಿತ ದೇವಶಾಸ್ತ್ರವನ್ನು ನೋಡಿ. ಕನ್ನಡದಲ್ಲಿ ಅದರ ಬಗ್ಗೆ ಬರೆಯಬೇಕಾದದ್ದು ಬೇಕಾದಷ್ಟಿದೆ.

ಹಂತ 6: ದಾಖಲೆಗಳ ಹತ್ತಿರ ಹೋಗಿ

ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಕನ್ನಡ, ತುಳು ಮುದ್ರಣಗಳಿವೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲೂ ಪತ್ರಾಗಾರವಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಪತ್ರಾಗಾರ ಹಳೆಯ ಫೋಟೊಗಳನ್ನೂ ನಕ್ಷೆಗಳನ್ನೂ ಅಂತರ್ಜಾಲದಲ್ಲಿ ಇಟ್ಟಿದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿ ಗುಂಡರ್ಟ್ ಹೆಸರಿನ ಸಂಗ್ರಹದಲ್ಲಿ ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಸ್ಕ್ಯಾನ್ ಆಗಿವೆ. ಬಳ್ಳಾರಿಯ ಲಂಡನ್ ಮಿಶನ್ನಿನ ಕಾಗದಪತ್ರ ಬೇಕಾದರೆ ಅದು ಲಂಡನ್ನಿನ ಸೋಆಸ್ (SOAS) ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿದೆ.

ಎಚ್ಚರಿಕೆ: ಬಾಸೆಲ್‌ನ ಪಾದ್ರಿಗಳ ಪತ್ರಗಳು ಜರ್ಮನ್ ಭಾಷೆಯಲ್ಲಿ, ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಇವತ್ತಿನ ಜರ್ಮನರಿಗೇ ಅದು ಸಲೀಸಾಗಿ ಓದಲು ಬರುವುದಿಲ್ಲ. ಜರ್ಮನ್ ಕಲಿತು ಹೊರಟವರು ಇದನ್ನು ಕಂಡು ದಂಗಾಗುತ್ತಾರೆ. ಹಾಗಾಗಿ ಅಚ್ಚಾದ ವಾರ್ಷಿಕ ವರದಿಗಳಿಂದ ಶುರು ಮಾಡಿ.

ಆ ವರದಿಗಳನ್ನು ಓದುವಾಗ ಒಂದು ಪ್ರಶ್ನೆ ಸದಾ ಇರಲಿ: ಇದನ್ನು ಓದಬೇಕಾಗಿದ್ದವರು ಯಾರು? ಯುರೋಪಿನಲ್ಲಿ ಹಣ ಕೊಡುತ್ತಿದ್ದ ಭಕ್ತರು. ಅಂದಮೇಲೆ ಮತಾಂತರದ ಕಥೆ ಉದ್ದವಾಗಿರುತ್ತದೆ, ಸಭೆ ಬಿಟ್ಟು ಹೋದವರ ಕಥೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಸಂಖ್ಯೆಗಳನ್ನೂ ಹೀಗೇ ಜರಡಿ ಹಿಡಿಯಿರಿ. 1784ರಲ್ಲಿ ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕೆನರಾ ಕ್ರೈಸ್ತರು ಎಷ್ಟು ಮಂದಿ? ಒಂದೊಂದು ಮೂಲದಲ್ಲಿ ಒಂದೊಂದು ಲೆಕ್ಕ, ಕೆಲವು ಲೆಕ್ಕಗಳ ನಡುವೆ ದುಪ್ಪಟ್ಟು ವ್ಯತ್ಯಾಸ. ನಿಮಗೆ ಒಪ್ಪುವ ಸಂಖ್ಯೆ ಎತ್ತಿಕೊಂಡು ಉಳಿದವನ್ನು ಬಿಟ್ಟರೆ ಅದು ಸಂಶೋಧನೆಯಲ್ಲ. ಎಲ್ಲವನ್ನೂ ಕೊಟ್ಟು, ಯಾರು ಯಾವಾಗ ಬರೆದದ್ದು ಎಂದು ಹೇಳಿ.

ಹಂತ 7: ಭಾಷೆ

ಹೊಸ ಒಡಂಬಡಿಕೆ ಮುಖ್ಯವಾದರೆ ಕೊಯ್ನೆ ಗ್ರೀಕ್ ಕಲಿಯಬೇಕು. ಕೊಯ್ನೆ ಎಂದರೆ ಆ ಕಾಲದ ಜನಸಾಮಾನ್ಯರ ಗ್ರೀಕ್. ಅಕ್ಷರ 24 ಮಾತ್ರ. ವಿಭಕ್ತಿ ಗೊತ್ತಿರುವ ಕನ್ನಡಿಗರಿಗೆ ಇಂಗ್ಲಿಷಿನವರಿಗಿಂತ ಬೇಗ ಹಿಡಿತ ಸಿಗುತ್ತದೆ. ಹಳೆಯ ಒಡಂಬಡಿಕೆಗೆ ಹೀಬ್ರೂ. ಕರಾವಳಿಯ ಹಳೆಯ ಕ್ಯಾಥೊಲಿಕ್ ದಾಖಲೆಗಳಿಗೆ ಲ್ಯಾಟಿನ್, ಪೋರ್ಚುಗೀಸ್. ಎಲ್ಲವನ್ನೂ ಕಲಿಯಲು ಹೋಗಬೇಡಿ. ನಿಮ್ಮ ಪ್ರಶ್ನೆ ಯಾವುದನ್ನು ಕೇಳುತ್ತದೋ ಅದೊಂದನ್ನು ಚೆನ್ನಾಗಿ ಕಲಿಯಿರಿ.

ಹಂತ 8: ಜನರ ಹತ್ತಿರ ಹೋಗುವಾಗ

ಚರ್ಚಿಗೆ ಹೋಗಿ ಆರಾಧನೆ ನೋಡುವುದು, ಹಿರಿಯರ ಜೊತೆ ಮಾತಾಡುವುದು ಓದಿನ ಭಾಗವೇ. ಮೊದಲು ಫಾದರ್ ಅಥವಾ ಪಾಸ್ಟರ್ ಅವರನ್ನು ಕಂಡು, ಯಾಕೆ ಬಂದಿದ್ದೀರಿ ಎಂದು ಹೇಳಿ. ಕ್ಯಾಥೊಲಿಕ್ ಪೂಜೆಯಲ್ಲಿ ಪ್ರಸಾದದ ಸಾಲಿನಲ್ಲಿ ನಿಲ್ಲಬೇಡಿ. ಅದು ಜ್ಞಾನಸ್ನಾನ, ಅಂದರೆ ದೀಕ್ಷಾಸ್ನಾನ, ಪಡೆದ ಕ್ಯಾಥೊಲಿಕರಿಗೆ ಮಾತ್ರ. ಕೂತಲ್ಲೇ ಇದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದೊಂದಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, ಮುಂದಿನ ತಿದ್ದುಪಡಿಗಳಿಂದ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ. ಕ್ರೈಸ್ತರಾದ ದಲಿತರಿಗೆ ಅದು ಸಿಗುವುದಿಲ್ಲ. ಹಾಗಾಗಿ ಒಬ್ಬರ ಜಾತಿ, ಅವರು ಹೋಗುವ ಚರ್ಚು, ಊರಿನ ಹೆಸರು ಈ ಮೂರನ್ನೂ ಒಟ್ಟಿಗೆ ಅಚ್ಚು ಹಾಕಿದರೆ ಆ ಮನೆಯ ಮಕ್ಕಳ ಓದಿಗೆ, ಕೆಲಸಕ್ಕೆ ಕುತ್ತು ಬರಬಹುದು. ಹೆಸರು ಬದಲಿಸಿ, ಊರು ಮರೆಸಿ. ರೆಕಾರ್ಡ್ ಮಾಡುವ ಮೊದಲು ಕೇಳಿ. ಬೇಡ ಎಂದರೆ ಫೋನ್ ಒಳಗಿಡಿ. ಜ್ಞಾನಸ್ನಾನದ ರಿಜಿಸ್ಟರ್‌ಗಳ ಫೋಟೊ ತೆಗೆಯಲು ಬಿಷಪ್ ಕಚೇರಿಯ ಲಿಖಿತ ಅನುಮತಿ ಪಡೆಯಿರಿ.

ಹಂತ 9: ಮಾರ್ಗದರ್ಶಕರಿಗೆ ಬರೆಯಿರಿ

ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುವಾಗ "ನನಗೆ ಈ ವಿಷಯದಲ್ಲಿ ತುಂಬಾ ಆಸಕ್ತಿ" ಎಂಬ ಪತ್ರ ಕಳಿಸಬೇಡಿ. ಒಂದೇ ಪುಟ ಸಾಕು. ನಿಮ್ಮ ಪ್ರಶ್ನೆ ಎರಡು ಸಾಲಿನಲ್ಲಿ. ಯಾವ ದಾಖಲೆ ನೋಡಿದ್ದೀರಿ, ಅದು ಎಲ್ಲಿದೆ. ಯಾವ ಭಾಷೆ ಬರುತ್ತದೆ, ಯಾವುದು ಕಲಿಯುತ್ತಿದ್ದೀರಿ. ಇದೇ ವಿಷಯದ ಮೇಲೆ ಈಗಾಗಲೇ ಬಂದಿರುವ ಪ್ರಬಂಧ ಯಾವುದು, ನಿಮ್ಮದು ಅದಕ್ಕಿಂತ ಎಲ್ಲಿ ಬೇರೆ. ಕೊನೆಯದನ್ನು ಹುಡುಕಲು ಶೋಧಗಂಗಾ ತಾಣ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದ್ದೂ ಇವೆ. ಅಲ್ಲಿ ಹುಡುಕುವಾಗ "ಕ್ರೈಸ್ತ", "ಕ್ರಿಶ್ಚಿಯನ್", "ಮಿಶನರಿ", "ಮಿಷನರಿ" ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಿ. ಒಂದು ಹಾಕಿದರೆ ಇನ್ನೊಂದು ಕಾಣಿಸುವುದಿಲ್ಲ.